ಹುಳವಲ್ಲ, ನಾರು

೧೯೯೩ ಆಗಸ್ಟ್ ೧೭, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಹಿಂದೂಪುರದ ಕಂಪ್ಯೂಟರ್ ಸೆಂಟರಿನ ಮೂರನೇ ಮೆಷಿನ್ನು ಕೀರಲು ದನಿಯಲ್ಲಿ ಕೂಗಿತು. ಪರದೆಯ ಮೇಲೆ ಕೆಂಪು ಪಟ್ಟಿ. ಅದರಲ್ಲಿ ನಾನು ಬರೆದ ಪ್ರೋಗ್ರಾಮಿನ ಹೆಸರು, ಪಕ್ಕದಲ್ಲಿ ವೈರಸ್ ಎಂಬ ಮಾತು, ಕೆಳಗೆ ಅಳಿಸಲೇ ಬೇಡವೇ, ಹೌದಾದರೆ ವೈ, ಬೇಡವಾದರೆ ಎನ್ ಎಂಬ ಪ್ರಶ್ನೆ.

ವೈರಸ್ ಹಿಡಿಯುವ ಫ್ಲಾಪಿಯನ್ನು ಸೆಂಟರಿನ ಯಜಮಾನರು ಹಿಂದಿನ ದಿನವಷ್ಟೇ ಬೆಂಗಳೂರಿನಿಂದ ತಂದಿದ್ದರು. ಅವರ ಬೆರಳು ಆಗಲೇ ವೈ ಕೀಲಿಯ ಹತ್ತಿರ ಹೋಗಿತ್ತು. ನಾನು ಕೀಬೋರ್ಡನ್ನೇ ನನ್ನ ಕಡೆಗೆ ಎಳೆದುಕೊಂಡೆ.

"ಏನಮ್ಮಾಯಿ, ಕೊಡು ಇತ್ತ! ಪುರುಗು, ಹುಳ ಬಿದ್ದೈತೆ ಅಂತ ಅದೇ ಬಡ್ಕೊಂತೈತೆ."

"ಬಿದ್ದಿಲ್ಲ ಸಾರ್. ಅಳಿಸಾಕೆ ಬಿಡಲ್ಲ."

ನಮ್ಮ ಕಡೆ ಮದುವೆ ಪತ್ರಿಕೆಗೆ ಎರಡು ಭಾಷೆ ಬೇಕು. ಗಂಡಿನ ಕಡೆಯವರು ತೆಲುಗಿನಲ್ಲಿ ಓದಿದರೆ ಹೆಣ್ಣಿನ ಕಡೆಯವರು ಕನ್ನಡದಲ್ಲಿ. ಒಂದೊಂದು ಸಾಲಿಗೂ ಒಂದು ಪ್ರೋಗ್ರಾಂ ಮುಚ್ಚಿ ಇನ್ನೊಂದು ತೆರೆಯುವಷ್ಟರಲ್ಲಿ ನಮ್ಮ ಟೈಪಿಸ್ಟ್ ಅಕ್ಕನ ಸಹನೆ ಮುಗಿಯುತ್ತಿತ್ತು. ಒಂದೇ ಕೀಲಿ ಒತ್ತಿದರೆ ಅಕ್ಷರ ಬದಲಾಗುವ ಪ್ರೋಗ್ರಾಮನ್ನು ನಾನು ಬೇಸಿಗೆಯಿಡೀ ಕೂತು ಬರೆದಿದ್ದೆ. ಒಮ್ಮೆ ಶುರು ಮಾಡಿದರೆ ಅದು ಮೆಮೊರಿಯಲ್ಲಿ ಸದ್ದಿಲ್ಲದೆ ಕೂತು, ಒತ್ತಿದ ಪ್ರತಿ ಕೀಲಿಯನ್ನೂ ಬೇರೆ ಪ್ರೋಗ್ರಾಮುಗಳಿಗಿಂತ ಮೊದಲು ನೋಡುತ್ತಿತ್ತು. ಕೆಲವು ವೈರಸ್‌ಗಳು ಮಾಡುವುದೂ ಅದನ್ನೇ. ತೊಂದರೆ ಇದ್ದದ್ದು ಅಲ್ಲಿ.

ಕಲ್ಯಾಣದುರ್ಗದಲ್ಲಿ ಯಜಮಾನರ ಭಾವಮೈದನ ಪ್ರೆಸ್ಸಿನಲ್ಲೂ ಅದೇ ಪ್ರೋಗ್ರಾಂ ನಡೆಯುತ್ತಿತ್ತು. ಅಲ್ಲಿಯೂ ಅಳಿಸಿ ಎಂದು ಹೇಳಲು ಅವರು ಫೋನು ಎತ್ತಿದರು. ಆ ಮಾತು ಒಮ್ಮೆ ದಾಟಿದರೆ ಹೋಗುವುದು ಪ್ರೋಗ್ರಾಂ ಒಂದೇ ಅಲ್ಲ. ಎರಡು ಊರಿಗೆ ವೈರಸ್ ಹಂಚಿದವಳು ಎಂಬ ಹೆಸರು ಹೊತ್ತು ನಾನು ಇನ್ನು ಯಾವ ಮೆಷಿನ್ನಿನ ಮುಂದೆಯೂ ಕೂರುವಂತಿರಲಿಲ್ಲ.

"ಮಧ್ಯಾಹ್ನದವರೆಗೂ ಫೋನು ಮಾಡ್ಬೇಡಿ ಸಾರ್" ಎಂದೆ. ಅವರು ರಿಸೀವರ್ ಇಟ್ಟರು, ಕೈ ಮಾತ್ರ ಅದರ ಮೇಲೆಯೇ ಇತ್ತು.

ಪ್ರತಿ ಸಂಜೆ ಫೈಲಿನ ಅಳತೆ ಬರೆದಿಡುವುದು ನನ್ನ ರೂಢಿ. ವೈರಸ್ ಅಂಟಿದರೆ ಫೈಲು ಉಬ್ಬಬೇಕು. ಉಬ್ಬಿರಲಿಲ್ಲ, ಒಂದು ಬೈಟೂ ಹೆಚ್ಚಾಗಿರಲಿಲ್ಲ. ತೋರಿಸಿದೆ.

"ಕಳ್ಳ ತಾನೇ ಬರ್ಕೊಂಡ ಲೆಕ್ಕ ತಂದು ತೋರಿಸ್ತಾನೆ ಕಣಮ್ಮ" ಎಂದು ಯಜಮಾನರು ನಕ್ಕರು.

ಮೆಷಿನ್ನನ್ನು ಶುದ್ಧ ಫ್ಲಾಪಿಯಿಂದ ಶುರು ಮಾಡಿ, ಪ್ರೋಗ್ರಾಮಿನ ಮೂಲ ಸಾಲುಗಳಿಂದ ಹೊಸದಾಗಿ ಫೈಲು ಕಟ್ಟಿದೆ. ಹುಟ್ಟಿದ ಗಳಿಗೆಯಲ್ಲೇ ಅದಕ್ಕೂ ಕೆಂಪು ಪಟ್ಟಿ ಬಂತು. ಹೊರಗಿನಿಂದ ಏನೂ ಅಂಟಿಲ್ಲ ಎಂದು ಇದರಿಂದ ಖಚಿತವಾಯಿತು ಎಂದುಕೊಂಡೆ. ಯಜಮಾನರಿಗೆ ಖಚಿತವಾದದ್ದೇ ಬೇರೆ.

"ಅಯ್ಯಯ್ಯೋ, ಹಂಗಾದ್ರೆ ವೈರಸ್ ಬರ್ದಿರೋಳು ನೀನೇ!"

ಅಕ್ಕ ಕುರ್ಚಿಯಿಂದಲೇ ಕೂಗಿದಳು: "ಬರೆಯೋಳಾಗಿದ್ರೆ ಮೊದ್ಲು ನಿಮ್ಮ ಅಟೆಂಡೆನ್ಸ್ ಫೈಲಿಗೆ ಬಿಡ್ತಿದ್ಲು ಬಿಡಿ ಸಾರ್!"

ನನಗೆ ನಗು ಬರಲಿಲ್ಲ, ರೇಗಿತು. ಯಜಮಾನರು ಹುಣಸೆಹಣ್ಣಿನ ವ್ಯಾಪಾರದ ಮನೆಯವರು, ಮಂಡಿಯಲ್ಲಿ ಬೆಳೆದವರು. ಅಲ್ಲಿ ಮಾದರಿಯಲ್ಲಿ ಹುಳದಂಥದ್ದು ಕಂಡರೆ ಚೀಲವನ್ನು ವಾಪಸು ಕಳಿಸುವುದಿಲ್ಲ. ಕೊಡುವವನ ಮತ್ತು ಕೊಳ್ಳುವವನ ಎದುರೇ ನೆಲಕ್ಕೆ ಸುರಿದು, ಭಾಗ ಮಾಡಿ, ಅನುಮಾನದ ಭಾಗವನ್ನು ಮತ್ತೆ ಭಾಗ ಮಾಡಿ ಹುಡುಕುತ್ತಾರೆ. ಹಣ್ಣಿನ ನಾರು ಸುರುಳಿ ಸುತ್ತಿಕೊಂಡರೆ ಥೇಟ್ ಹುಳದಂತೆಯೇ ಕಾಣುತ್ತದೆ.

"ನಿಮ್ಮ ಮಂಡಿನಾಗೆ ಹುಳ ಅಂತ ಯಾರೋ ಕೂಗಿದ್ರೆ ಚೀಲಕ್ಕೆ ಬೆಂಕಿ ಇಕ್ತೀರಾ ಸಾರ್?"

ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಸುರಿ, ನೋಡಾನ."

ಫೈಲನ್ನು ಎರಡು ತುಂಡು ಮಾಡಿ ಬೇರೆ ಬೇರೆ ಹೆಸರಿಟ್ಟೆ. ಒಂದಕ್ಕೆ ಮೆಷಿನ್ನು ಕೂಗಿತು, ಇನ್ನೊಂದಕ್ಕೆ ಇಲ್ಲ. ಕೂಗಿದ ತುಂಡನ್ನು ಮತ್ತೆ ಕತ್ತರಿಸಿದೆ. ಹೀಗೆ ಕತ್ತರಿಸುತ್ತ ಹೋದಾಗ ಕೊನೆಗೆ ಉಳಿದದ್ದು ಕೀಲಿ ಹಿಡಿಯುವ ಕೆಲವೇ ಆಜ್ಞೆಗಳು. ಡಿಸ್ಕಿಗೆ ಬರೆಯುವ ಆಜ್ಞೆ ಅದರಲ್ಲಿ ಒಂದೂ ಇರಲಿಲ್ಲ. ಬೇರೆ ಫೈಲಿಗೆ ಹಾರಲು ಅದಕ್ಕೆ ಕಾಲೇ ಇಲ್ಲ ಎಂದು ಸಾಲು ಸಾಲಾಗಿ ಓದಿ ಹೇಳಿದೆ.

"ನಾರು ಅಂತೀಯ?"

"ನಾರೇ ಸಾರ್."

ಅವರು ಗದ್ದ ಕೆರೆದುಕೊಂಡರು. "ಹೋಗ್ಲಿ, ಆ ಸಾಲುಗಳ್ನ ಹಿಂದ್ಮುಂದೆ ಮಾಡ್ಬುಡು. ಅದು ಬಾಯಿ ಮುಚ್ಕೊಂತೈತೆ. ನಂಗೂ ತಲೆನೋವಿರಲ್ಲ."

ಅದು ಆಗುವ ಕೆಲಸವೇ, ಫ್ಲಾಪಿ ವೈರಸ್ಸನ್ನು ಗುರುತಿಸುವುದು ಆಜ್ಞೆಗಳು ಬರುವ ಕ್ರಮ ನೋಡಿ. ಒಂದು ಗಂಟೆಯೂ ಹಿಡಿಯುತ್ತಿರಲಿಲ್ಲ. ಆದರೆ ಮರುದಿನ ಇನ್ನೊಂದು ಫ್ಲಾಪಿ ಇನ್ನೊಂದು ಸಾಲಿಗೆ ಕೂಗುತ್ತದೆ, ನಾನು ಮತ್ತೆ ವೇಷ ಬದಲಿಸಬೇಕು. ಅಲ್ಲದೆ ಗುರುತು ಸಿಗದಂತೆ ರೂಪ ಬದಲಿಸುವುದು ವೈರಸ್ಸಿನ ಬುದ್ಧಿ.

"ಮಾಡಲ್ಲ ಸಾರ್. ತಪ್ಪು ಆ ಫ್ಲಾಪಿದು. ಮಾಡಿದ್ರೆ ನಾನೇ ಒಪ್ಕೊಂಡಂಗಾಗ್ತೈತೆ."

"ಮೊಂಡು ಕಣಮ್ಮ ನೀನು."

"ಹೂಂ ಸಾರ್."

ಕಲ್ಯಾಣದುರ್ಗಕ್ಕೆ ಫೋನು ಹೋಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. "ಏಯ್, ಹೊಸ ಫ್ಲಾಪಿ ಹಾಕ್ದಾಗ ನಿನ್ ಮೆಷಿನ್ನೂ ಕೂಗ್ತೈತೆ. ಅಳಿಸ್ಬ್ಯಾಡ. ಎನ್ ಒತ್ತು. ಯಾಕಂತ ಕೇಳ್ಬ್ಯಾಡ, ಒತ್ತು ಅಷ್ಟೆ!"

ನನ್ನ ಮಾತು ಸರಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನು ಒಂದು ಸಾಲನ್ನೂ ಬದಲಿಸಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಮೆಷಿನ್ನು ಕೂಗುತ್ತಿತ್ತು, ಯಜಮಾನರು ಬೈದುಕೊಂಡೇ ಎನ್ ಒತ್ತುತ್ತಿದ್ದರು, ಅಕ್ಕ ಎರಡು ಭಾಷೆಯ ಪತ್ರಿಕೆ ಟೈಪು ಮಾಡಲು ಕೂರುತ್ತಿದ್ದಳು.

ನನ್ನ ಆ ಕೆಲವು ಆಜ್ಞೆಗಳನ್ನೇ ಹೋಲುವ ನಿಜವಾದ ವೈರಸ್ ಯಾವುದು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆ ಕಾಲದಲ್ಲಿ ಕನ್ನಡ, ತೆಲುಗು ಕೀಲಿಮಣೆಯ ಪ್ರೋಗ್ರಾಂ ಬರೆದು ಇದೇ ಕೂಗು ಕೇಳಿಸಿಕೊಂಡವರು ಇದ್ದರೆ, ಯಾವ ಸಾಲಿಗೆ ಕೂಗಿತು ಎಂದು ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಹೆದರಿ ಅಳಿಸಿದವರೂ ಬರೆಯಿರಿ.