ಹಳೇ ಕಂಪ್ಯೂಟರಿನ ಶಂಭುಲಿಂಗ

ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಶಂಭುಲಿಂಗ ಯಾವ ಗಿರಾಕಿಗೂ ಹೊಸದು ಕೊಳ್ಳಲು ಹೇಳಿದ್ದನ್ನು ನಾನು ಕೇಳಿಲ್ಲ. ಹದಿನೈದು ವರ್ಷದ ಯಂತ್ರ ಬಂದರೆ ಹಿರಿಯರು ಬಂದಂತೆ ಎದ್ದು ನಿಂತು, ಧೂಳೊರೆಸಿ, "ಏನಾಗೈತ್ರಿ ನಿಮಗ?" ಎಂದು ಯಂತ್ರವನ್ನೇ ಕೇಳುತ್ತಾನೆ. ಯಂತ್ರದೊಳಗಿನ ಮೆಮೊರಿ ಪಟ್ಟಿಯನ್ನು ಬೆಳಕಿಗೆ ಹಿಡಿದು, ಅದರ ಅಂಚಿನ ಸಣ್ಣ ಸೀಳು ತೋರಿಸಿ, "ಕಚ್ಚು ಕೂದಲೆಳೆ ಸರಿದ್ರೂ ಕೂಡೂದಿಲ್ರಿ" ಎನ್ನುತ್ತಾನೆ; ಹೊಂದದ್ದನ್ನು ಬಲವಂತವಾಗಿ ಒತ್ತಿ ಕೂರಿಸುವುದು ಅವನ ಲೆಕ್ಕದಲ್ಲಿ ಮಹಾಪಾಪ. ಈಚೆಗೆ ಕಂಪ್ಲಿಯಿಂದ, ಕಣ್ಣು ಕಳೆದುಕೊಂಡಿದ್ದ ಟೀಚರ್ ನೀಲಗಂಗಮ್ಮ ತಮ್ಮ ಹಳೆಯ ಕಂಪ್ಯೂಟರ್ ತಂದರು. ಟೈಪ್ ಮಾಡಿದ್ದನ್ನು ಓದಿ ಹೇಳುವ ಅದರ ಧ್ವನಿ ತಡವರಿಸುತ್ತಿದ್ದುದರಿಂದ ಮಕ್ಕಳಿಗೆ ಪಾಠ ಬರೆಯುವುದೇ ನಿಂತುಹೋಗಿತ್ತು. "ಹೊಸದು ಬ್ಯಾಡಪ್ಪ, ಇದರ ಮೈಯೆಲ್ಲ ನನ್ನ ಕೈಗೆ ಗೊತ್ತೈತಿ" ಎಂದರು. ಮೆಮೊರಿ ಸಾಲದೆ ಧ್ವನಿ ತಡವರಿಸುತ್ತಿತ್ತು; ಆ ಹಳೆಯ ಯಂತ್ರಕ್ಕೆ ಹೊಂದುವ ಪಟ್ಟಿಗಾಗಿ ಶಂಭುಲಿಂಗ ಮೂರು ಸಲ ಸಂಡೂರಿನ ಬಸ್ ಹತ್ತಿದ; ಕೊನೆಗೆ ಗಣಿ ಕಚೇರಿಯೊಂದರ ಗುಜರಿಯಲ್ಲಿ ಸಿಕ್ಕಿತು. ಕೂರಿಸಿದೊಡನೆ ಧ್ವನಿ ಚುರುಕಾಯಿತು. ಕೆಲಸ ಮುಗಿಯಿತಲ್ಲ ಎಂದೆ. "ಇಲ್ರಿ, ಟೀಚರ್ ಕುಂತಂಗ ಕುಂತು ನೋಡ್ಬೇಕು" ಎಂದವನೇ ಕಣ್ಣು ಮುಚ್ಚಿದ. ಸ್ವಿಚ್ಚನ್ನು ತಡಕಿದ, ಒಂದೊಂದೇ ಕೀಲಿ ಒತ್ತಿದ, ತಪ್ಪಿದಾಗಲೆಲ್ಲ ಮೊದಲಿನಿಂದ ಶುರು ಮಾಡಿದ. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಯಂತ್ರ "ನೀಲಗಂಗಮ್ಮ" ಎಂದು ತಡೆಯಿಲ್ಲದೆ ಓದಿ ಹೇಳಿದ ಮೇಲೆಯೇ ಅವನು ಕಣ್ಣು ತೆರೆದದ್ದು.