ಎರಡೂ ಕಡೆಯ ಸಗ್ಡನ್

ನಮ್ಮ ಯಾರ್ಕ್‌ಷೈರ್ ಊರಿನ ಇತಿಹಾಸ ಸಂಘದ ಅಧ್ಯಕ್ಷ ಕ್ಲೆಮೆಂಟ್ ಸಗ್ಡನ್ ಹೇಡಿ; ಆ ಹೇಡಿತನಕ್ಕೆ ಆತ ಇಟ್ಟಿರುವ ಹೆಸರು ನಿಷ್ಪಕ್ಷಪಾತ. ತಲೆಯ ಮೇಲೆ ಮಳೆ ಸುರಿಯುತ್ತಿದ್ದರೂ "ಮಳೆ ಬರ್ತಿದೆ ಅನ್ನೋ ಅಭಿಪ್ರಾಯವೂ ಇದೆ" ಎನ್ನುವ ಆಸಾಮಿ. ಚಹಾಕ್ಕೆ ಹಾಲು ಮೊದಲೋ ಆಮೇಲೋ ಎಂದು ಕೇಳಿದರೆ, ಎರಡೂ ಪಕ್ಷದ ವಾದ ಮುಗಿಯುವಷ್ಟರಲ್ಲಿ ಚಹಾ ಆರಿರುತ್ತದೆ. ಅದನ್ನೆಲ್ಲ ಸಹಿಸಬಹುದು. ಆದರೆ ಹೆಂಗಸರಿಗೆ ಮತ ಕೊಡಿ ಎಂದು ೧೯೧೨ರಲ್ಲಿ ಟೌನ್‌ಹಾಲ್ ಮುಂದೆ ಕೂಗಿ, ಪೊಲೀಸ್ ಕುದುರೆಯ ಕಾಲಡಿ ಸತ್ತ ಹೆಸ್ಟರ್ ಆರ್ಮಿಟೇಜಳ ವಿಷಯದಲ್ಲೂ ಅದೇ ರಾಗವೇ? ಟೌನ್‌ಹಾಲ್‌ನ ಕಬ್ಬಿಣದ ಬೇಲಿ ಹಾರಿ ತಾನೇ ಕುದುರೆಯ ಮುಂದೆ ಬಿದ್ದಳೆಂದು ಪೊಲೀಸರು ಬರೆದರು. ಅವರೇ ಎತ್ತಿ ಎಸೆದರೆಂದು ಜೊತೆಗಿದ್ದ ಹೆಂಗಸರು ಬರೆದರು. ಸ್ಮಾರಕದ ಕಲ್ಲಿನಲ್ಲಿ ಯಾವುದನ್ನು ಕೆತ್ತಬೇಕು? ಹೆಸ್ಟರಳ ತಮ್ಮನ ಮೊಮ್ಮಗಳು ಡೋರಾ ಸಭೆಯಲ್ಲೇ ಕೆರಳಿದಳು: "ನಮ್ಮಜ್ಜಿ ಹುಚ್ಚಿ ಅಂತ ಕೇಳಿ ಕೇಳಿ ಸಾಕಾಗಿದೆ. ಹಾರಿದ್ಳೋ, ಎಸೆದ್ರೋ? ಒಂದು ಬೊಗಳಪ್ಪ!" "ಎರಡೂ ಕಡೆ ತೂಗ್ಬೇಕು ತಾಯಿ," ಎಂದ ಸಗ್ಡನ್. "ತೂಗ್ತಾ ಇರು, ಮಗು ಮಲಗುತ್ತೆ!" ಎಂದು ಅವಳು ಹೊರನಡೆದಳು. ನಾನೂ ಅವಳ ಹಿಂದೆಯೇ ಎದ್ದು ಹೊರಟೆ. ಶನಿವಾರ ಸಂತೆಗೆ ಹೋದಾಗ ಟೌನ್‌ಹಾಲ್ ಮುಂದೆ ಜನ ಸೇರಿ ನಗುತ್ತಿದ್ದರು. ಎಪ್ಪತ್ತು ದಾಟಿದ ಸಗ್ಡನ್, ನಾಟಕದವರಿಂದ ತಂದ ಹೆಸ್ಟರಳ ಕಾಲದ, ಕಣಕಾಲಿನವರೆಗೂ ಬಿಗಿದ ಲಂಗ ತೊಟ್ಟು ಆ ಬೇಲಿ ದಾಟಲು ಹೆಣಗುತ್ತಿದ್ದ. ಲಂಗದ ಬಿಗಿಗೆ ಮೊಣಕಾಲೇ ಮೇಲೇಳುತ್ತಿರಲಿಲ್ಲ. "ಏನ್ ಸಗ್ಡನ್, ಗಂಡು ಸಿಕ್ಕಿದ್ನಾ?" ಎಂದು ಮೀನಿನಂಗಡಿಯವನು ಕೂಗಿದ. "ಇದನ್ನ ಉಟ್ಕೊಂಡು ಯಾರಿಗೂ ಹಾರೋಕಾಗಲ್ಲ. ಎತ್ತಿ ಎಸೆದಿದಾರೆ ಕಣ್ರೀ!" ಎಂದು ಸಗ್ಡನ್ ಸಂತೆಗೆಲ್ಲ ಕೇಳುವಂತೆ ಕಿರುಚಿ, ಆಗತಾನೇ ಬಂದವರಿಗೂ ಕಾಣಲೆಂದು ಮತ್ತೆ ಕಾಲೆತ್ತಿದ.