ಕೊನೆಗೆ ಹೊರಟವಳ ಗೆಲುವು

ಕಳೆದ ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಈ ಬರಹಕ್ಕೆ ಆಧಾರ: ನನ್ನ ದಿನಚರಿ, ಆ ದಿನದ ಸಮಯದ ಹಾಳೆಗಳು ಮತ್ತು ನನ್ನ ಮೊಬೈಲಿನಲ್ಲಿರುವ ಎರಡು ಚಿತ್ರಗಳು. ಅದು ಅಮಾವಾಸ್ಯೆಯ ಮರುದಿನವೆಂದು ಅಂದಿನ ಸ್ಪರ್ಧಿಯೊಬ್ಬಳ ಅಜ್ಜ, ಅಲಖನೂರಿನವರು, ಈಗಲೂ ಹೇಳುತ್ತಾರೆ. ಪಂಚಾಂಗ ತೆಗೆದು ನೋಡಿದೆ. ಅದು ಅವರ ಮಾತನ್ನು ಒಪ್ಪುವುದಿಲ್ಲ.

ಕಬ್ಬಿನ ತಳಿಗಳ ಸಂಶೋಧನೆಯಲ್ಲಿ ಆಯುಷ್ಯದ ಬಹುಭಾಗ ಕಳೆದು, ನಿವೃತ್ತನಾಗಿ ರಾಯಬಾಗದಲ್ಲಿ ನೆಲೆಸಿದವನು ನಾನು. ಸೈಕಲ್ಲಿಗೂ ನನಗೂ ಸಂಬಂಧವಿರಲಿಲ್ಲ. ಆದರೆ ಕಾಗದದ ಮೇಲೆ ಇಲ್ಲದ್ದನ್ನು ನಾನು ನಂಬುವುದಿಲ್ಲವೆಂಬ ಕೀರ್ತಿ ಊರಿನಲ್ಲಿ ಹಬ್ಬಿದ್ದರಿಂದ, ಯುವತಿಯರ ಜಿಲ್ಲಾ ಸೈಕಲ್ ಚಾಂಪಿಯನ್‌ಷಿಪ್ಪಿನ ಸಂಘಟಕರು ಮೂರು ವರ್ಷಗಳಿಂದ ಸಮಯ ಬರೆಯುವ ಕೆಲಸವನ್ನು ನನಗೇ ಒಪ್ಪಿಸುತ್ತಿದ್ದರು. ಉಗಾರ ಖುರ್ದದ ಹೊರಗೆ ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ. ಅಲ್ಲಿಂದ ಕಾಗವಾಡದ ದಿಕ್ಕಿಗೆ ಹತ್ತು ಕಿಲೋಮೀಟರ್ ಹೋಗಿ, ನಡುರಸ್ತೆಯಲ್ಲಿಟ್ಟ ಒಂದು ಡ್ರಮ್ಮನ್ನು ಸುತ್ತಿ, ಅದೇ ಗೆರೆಗೆ ಮರಳಬೇಕು. ಸ್ಪರ್ಧಿಗಳು ಒಟ್ಟಿಗೆ ಹೊರಡುವುದಿಲ್ಲ. ನಿಮಿಷಕ್ಕೊಬ್ಬಳನ್ನು ಬಿಡುತ್ತಾರೆ, ಎಲ್ಲರಿಗಿಂತ ಬಲ್ಲಿದಳಾದವಳು ಕೊನೆಗೆ ಹೊರಡುತ್ತಾಳೆ. ಯಾರು ಮೊದಲು ಬಂದರು ಎಂಬುದು ಮುಖ್ಯವಲ್ಲ, ಯಾರು ಕಡಿಮೆ ಸಮಯ ತೆಗೆದುಕೊಂಡರು ಎಂಬುದು ಮುಖ್ಯ.

ಅಂದಿನ ಹದಿನಾಲ್ವರಲ್ಲಿ ಕೊನೆಗೆ ಹೊರಡುವವಳು ಅಲಖನೂರಿನ ಯುವತಿ. ಹಿಂದಿನ ಎರಡು ವರ್ಷವೂ ಪ್ರಶಸ್ತಿ ಅವಳದೇ. ಎರಡು ಸಲವೂ ಪದಕವಷ್ಟೇ ಸಿಕ್ಕಿತ್ತು. ಈ ಸಲ ಗೆದ್ದವಳೊಬ್ಬಳಿಗೆ ರಾಜ್ಯ ತಂಡದ ಶಿಬಿರದಲ್ಲಿ ಸ್ಥಾನವಿತ್ತು, ಮತ್ತು ಆ ವಯೋಮಿತಿಯಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಅವಳಿಗಿಂತ ಒಂದು ನಿಮಿಷ ಮೊದಲು ಹೊರಡಲಿದ್ದವಳು ನಿಪ್ಪಾಣಿಯಿಂದ ಬಂದ ಪ್ರಬಲ ಎದುರಾಳಿ.

ಮೊಮ್ಮಗಳ ಸ್ಪರ್ಧೆ ನೋಡಲು ಅಜ್ಜ ಅಂದು ಮೊದಲ ಬಾರಿಗೆ ಬಂದಿದ್ದರು. ಎತ್ತಿನ ಗಾಡಿಯ ಓಟದ ಶರ್ಯತ್ತಿನಲ್ಲಿ ಅಥಣಿಯಿಂದ ಚಿಕ್ಕೋಡಿಯವರೆಗೆ ಹೆಸರು ಮಾಡಿದ ಹಿರಿಯರು. ನನ್ನ ಮೇಜಿನ ಪಕ್ಕ ನಿಂತು, ಹೊರಡುವ ಕ್ರಮವನ್ನು ನೋಡಿ ಹುಬ್ಬುಗಂಟಿಕ್ಕಿದರು.

"ಸಾಹೇಬ್ರ, ಒಬ್ಬಾಕಿನ್ನ ಬಿಡೂದು, ನಿಮಿಷ ಆದ ಮ್ಯಾಲ ಮತ್ತೊಬ್ಬಾಕಿನ್ನ ಬಿಡೂದು. ಇದೇನ್ ಶರ್ಯತ್ತೋ, ರೇಷನ್ ಅಂಗಡಿ ಪಾಳೇವೋ?"

"ಇಲ್ಲಿ ಓಡೂದು ಗಡಿಯಾರದ ಜೋಡಿ, ಅಜ್ಜಾರ."

"ಜೋಡಿ ಅಂದ್ರ ಮಗ್ಗಲಕ ಕಾಣಬೇಕ್ರಿ. ಕಾಣಲಾರದ್ದು ಎಂಥಾ ಜೋಡಿ?"

ಆದರೂ ಮೊಮ್ಮಗಳು ಗೆರೆಗೆ ಬಂದಾಗ ಹ್ಯಾಂಡಲ್ ಹಿಡಿದು ಅವಳನ್ನು ತಡೆದರು. ಬೆಳಗಿನ ಮೂಡಣ ಗಾಳಿ ಬೀಸುತ್ತಿತ್ತು.

"ಹೋಗುಮುಂದ ಗಾಳಿ ಬೆನ್ನಿಗೈತಿ ಅಂತ ಹುರುಪಾಗಿ ಓಡಬ್ಯಾಡವಾ. ಬರುಮುಂದ ಅದ ಗಾಳಿ ಎದೀಗೆ ಒದಿತೈತಿ. ಎತ್ತಿನ ದಮ್ಮ ಹೊಳ್ಳಿ ಬರೂದಕ್ಕ ಇಟ್ಗೋಬೇಕು."

"ಅಜ್ಜಾ, ನಾ ಎತ್ತಲ್ಲೋ!"

"ಎತ್ತಾಗಿದ್ರ ಹೇಳಿದ್ದ ಕೇಳತಿತ್ತು."

ಅವಳು ನಗುತ್ತಲೇ ಹೊರಟಳು. ಏಳು ಗಂಟೆ ಹದಿಮೂರು ನಿಮಿಷ.

ಅಷ್ಟರಲ್ಲಿ ಗೆರೆಯ ಎರಡೂ ಬದಿಗೆ ಜನ ಕಿಕ್ಕಿರಿದಿದ್ದರು. ಕಬ್ಬಿನ ಟ್ರ್ಯಾಕ್ಟರುಗಳನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಲಾಗಿತ್ತು. ಚಾಲಕರೆಲ್ಲ ಟ್ರೇಲರಿನ ಕಬ್ಬಿನ ಮೇಲೆ ಆಸೀನರು. ಬಾರಿಸಲು ಹಲಗಿ ಬಂದಿತ್ತು, ಗೆದ್ದವಳ ಮೇಲೆ ಎರಚಲು ಒಂದು ಚೀಲ ಗುಲಾಲೂ ಬಂದಿತ್ತು. ಶರ್ಯತ್ತೆಂದರೆ ಯಾರ ಗಾಡಿ ಮುಂದೋ ಅವರ ಗೆಲುವು ಎಂದು ಬಾಲ್ಯದಿಂದ ಬಲ್ಲ ಜನ ಅವರು. ಆದುದರಿಂದ ಮೊದಲು ಹೊರಟಿದ್ದ ಅಕ್ಕೋಳದ ಶಾಲಾ ಹುಡುಗಿ ಸಹಜವಾಗಿಯೇ ಮೊದಲು ಮರಳಿ ಬಂದಾಗ, ಹಲಗಿ ಮೊಳಗಿತು. ಇಡೀ ಚೀಲ ಅವಳ ಮೇಲೆ ಬರಿದಾಯಿತು.

"ನಾ ಗೆದ್ದಿಲ್ಲರೀ ಕಾಕಾ! ನಂದು ಭಾಳ ಸಾವಕಾಶ ಆಗೇತ್ರಿ!" ಹುಡುಗಿ ಕಣ್ಣುಜ್ಜುತ್ತ ಕೂಗಿದಳು.

"ನಾಚಬ್ಯಾಡ ತಂಗಿ! ನಿನ್ನ ಮುಂದ ಯಾರರೆ ಇದ್ದರೇನು?"

ನಾನು ಹಾಳೆ ಎತ್ತಿ ಹಿಡಿದು ನಿಯಮ ವಿವರಿಸಿದೆ. ಹಲಗಿಯ ಮುಂದೆ ಹಾಳೆಯ ಮಾತು ಯಾರಿಗೆ ಕೇಳಬೇಕು?

ಒಬ್ಬೊಬ್ಬರಾಗಿ ಎಂಟು ಮಂದಿ ಬಂದರು. ಅಜ್ಜ ಬೆರಳು ಮಡಚಿ ಎಣಿಸುತ್ತಿದ್ದರು. ಟ್ರೇಲರಿನ ಮೇಲಿಂದ ಒಬ್ಬ ಕೂಗಿದ: "ಅಜ್ಜಾ, ಮೊಮ್ಮಗಳು ಎಲ್ಲೆರೆ ಕಬ್ಬ ತಿನ್ನಾಕ ಕುಂತಾಳೇನು ನೋಡಿ ಬಾ!"

ಅಜ್ಜ ತಿರುಗಿ ನೋಡಲಿಲ್ಲ. ರುಮಾಲು ತೆಗೆದು ಮತ್ತೆ ಸುತ್ತಿಕೊಳ್ಳತೊಡಗಿದರು. ಡ್ರಮ್ಮಿನ ಬಳಿ ನಿಂತಿದ್ದ ನಿವೃತ್ತ ದೈಹಿಕ ಶಿಕ್ಷಕರು ಅರ್ಧದಾರಿಯ ಸಮಯಗಳನ್ನು ಅಷ್ಟರಲ್ಲಾಗಲೇ ನನಗೆ ಫೋನಿನಲ್ಲಿ ತಿಳಿಸಿದ್ದರು. ನಾನು ಅಜ್ಜನ ಹೆಗಲು ಮುಟ್ಟಿ ಹೇಳಿದ್ದು ಸ್ಪಷ್ಟವಾಗಿ ನೆನಪಿದೆ: "ಚಿಂತಿ ಬಿಡ್ರಿ. ಡ್ರಮ್ಮಿನ ಹಂತೇಲೆ ನಿಮ್ಮಾಕಿನೇ ಮುಂದ ಅದಾಳ."

ಆಮೇಲೆ, ಉಳಿದ ನಾಲ್ವರನ್ನು ದಾರಿಯಲ್ಲೇ ಹಿಂದೆ ಹಾಕಿ, ರಸ್ತೆಯ ತುದಿಯಲ್ಲಿ ಇಬ್ಬರು ಕಾಣಿಸಿಕೊಂಡರು. ಮುಂದೆ ನಿಪ್ಪಾಣಿಯವಳು. ಎದುರುಗಾಳಿಗೆ ಅವಳ ತಲೆ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಹಿಂದೆ ಅಲಖನೂರಿನವಳು. ಬೆನ್ನು ಚಪ್ಪಟೆ, ತಲೆ ಅಲುಗದು, ಕಾಲುಗಳು ಮಾತ್ರ ಯಂತ್ರದಂತೆ. ಒಂದು ನಿಮಿಷ ತಡವಾಗಿ ಹೊರಟವಳು ಆ ಇಡೀ ನಿಮಿಷವನ್ನು ನುಂಗಿಕೊಂಡು ಬಂದಿದ್ದಳು. ಗೆರೆ ಇನ್ನೂ ನಾನೂರು ಮೀಟರಿನಷ್ಟು ದೂರವಿರುವಾಗ ಮಗ್ಗುಲಿಗೆ ಬಂದಳು, ಮರುಕ್ಷಣ ಮುಂದಿದ್ದಳು.

"ಈಗ ನೋಡ್ರಿ ಸಾಹೇಬ್ರ! ಇದು ಶರ್ಯತ್ತು!" ಅಜ್ಜ ಸುತ್ತುತ್ತಿದ್ದ ರುಮಾಲನ್ನು ಗಾಳಿಗೆ ಬೀಸಿದರು. "ಹೊಡಿಯವಾ! ಹೊಡಿ!"

ಅವಳು ಗೆರೆ ದಾಟಿ ಏಳು ಸೆಕೆಂಡುಗಳ ನಂತರ ನಿಪ್ಪಾಣಿಯವಳು ದಾಟಿದಳು. ಅಂದರೆ ಗೆಲುವಿನ ಅಂತರ ಒಂದು ನಿಮಿಷ ಏಳು ಸೆಕೆಂಡು. ಮೂರನೆಯವಳಂತೂ ಲೆಕ್ಕಕ್ಕೆ ಸಿಗದಷ್ಟು ಹಿಂದೆ. ಮೂರನೆಯ ವರ್ಷವೂ ಪ್ರಶಸ್ತಿ ಅವಳದೇ, ಶಿಬಿರದ ಸ್ಥಾನವೂ ಅವಳದೇ. ಧ್ವನಿವರ್ಧಕದಲ್ಲಿ ನಾನೇ ಓದಿದೆ. ನನ್ನ ದನಿ ಒಡೆಯಿತೆಂದು ಜನ ಹೇಳುತ್ತಾರೆ. ಇದಕ್ಕೆ ಲಿಖಿತ ಆಧಾರವಿಲ್ಲ.

ತಮ್ಮ ತಪ್ಪು ತಿಳಿದ ಜನ ಚೀಲ ಕೊಡವಿದರು. ಒಂದು ಚಿಟಿಕೆಯೂ ಉಳಿದಿರಲಿಲ್ಲ. ಆಗ ಅಕ್ಕೋಳದ ಹುಡುಗಿ ಗುಂಪನ್ನು ಸೀಳಿಕೊಂಡು ಬಂದು, "ಅಕ್ಕಾ, ಇದು ನಿಮ್ದರಿ, ನನ್ನ ಕಡೆ ಇಟ್ಟಿದ್ರು," ಎನ್ನುತ್ತ ತನ್ನ ತಲೆಯ ಮೇಲಿನ, ಕೆನ್ನೆಯ ಮೇಲಿನ ಗುಲಾಲನ್ನು ಎರಡೂ ಅಂಗೈಯಿಂದ ಬಳಿದು ವಿಜೇತೆಯ ಹಣೆಗೆ, ಮುಖಕ್ಕೆ ಹಚ್ಚಿದಳು. ಹಲಗಿ ಮತ್ತೆ ಮೊಳಗಿತು. ನಿಪ್ಪಾಣಿಯವಳು ತಾನೇ ಬಂದು ಅವಳ ಕೈ ಮೇಲೆತ್ತಿದಳು. ಅಜ್ಜ ಸೈಕಲ್ಲಿನ ಮುಂದಿನ ಗಾಲಿಗೆ, ಗೆದ್ದ ಎತ್ತಿಗೆ ಮಾಡುವಂತೆ, ತಂಬಿಗೆಯಿಂದ ನೀರು ಹಾಕಿ ಕೈಮುಗಿದರು. ನನ್ನ ಮೊಬೈಲಿನ ಎರಡನೆಯ ಚಿತ್ರ ಅದೇ. ಸಮಯ ಏಳು ಐವತ್ತೆರಡು.

ಶಿಬಿರಕ್ಕೆ ಹೊರಡುವ ಮುನ್ನ ಅವಳು ನನ್ನ ಮನೆಗೆ ಬಂದು ಹಾಳೆಗಳ ಪ್ರತಿ ಕೇಳಿದಳು. ಹೊರಟ ಗಳಿಗೆಯಿಂದಲೇ ಅವಳದೇ ಮೇಲುಗೈ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಉಗಾರದವರು ಹಾಗೆಯೇ ಹೇಳುತ್ತಾರೆ, ನಾನೂ ಹಾಗೆಯೇ ಹೇಳುತ್ತ ಬಂದಿದ್ದೆ. ಪ್ರತಿ ತೆಗೆಯುವಾಗ ಅರ್ಧದಾರಿಯ ಹಾಳೆಯನ್ನು ಅಂದಿನಿಂದ ಮೊದಲ ಸಲ ಓದಿದೆ. ಹೊರಟ ಸಮಯಗಳನ್ನು ಕಳೆದು, ಕೂಡಿಸಿ, ಮತ್ತೆ ಕಳೆದು ನೋಡಿದೆ. ಲೆಕ್ಕದಲ್ಲಿ ತಪ್ಪಿಲ್ಲ. ಡ್ರಮ್ಮಿನ ಬಳಿ ನಿಪ್ಪಾಣಿಯವಳು ಒಂಬತ್ತು ಸೆಕೆಂಡು ಮುಂದಿದ್ದಳು. ಅಜ್ಜನಿಗೆ ನಾನು ಹೇಳಿದ್ದು ಇದರ ವಿರುದ್ಧ. ಹಾಳೆಯ ಅಕ್ಷರ ನನ್ನದೇ.